ಆರ್. ವಿನಯ್ ಕುಮಾರ್

ರಂಗನಾಥ್ ವಿನಯ್ ಕುಮಾರ್ (ಜನನ: 12 ಫೆಬ್ರವರಿ 1984, ದಾವಣಗೆರೆ) ಕರ್ನಾಟಕದ ಮಾಜಿ ಕ್ರಿಕೆಟ್ ಆಟಗಾರರು. ಬಲಗೈ ಮಧ್ಯಮ ವೇಗದ ಬೌಲರ್ ಹಾಗೂ ಕೆಳ ಕ್ರಮಾಂಕದ ಉಪಯುಕ್ತ ಬ್ಯಾಟ್ಸ್‌ಮನ್ ಆಗಿದ್ದರು. ಭಾರತದ ಪರವಾಗಿ 1 ಟೆಸ್ಟ್, 31 ಏಕದಿನ ಮತ್ತು 9 ಟಿ20 ಪಂದ್ಯಗಳನ್ನು ಆಡಿದರು. ಆದರೆ ಅವರ ಸಾಧನೆಯ ನಿಜವಾದ ಕ್ಷೇತ್ರ ದೇಶೀಯ ಕ್ರಿಕೆಟ್. ಪ್ರಥಮ ದರ್ಜೆಯ 139 ಪಂದ್ಯಗಳಲ್ಲಿ 504 ವಿಕೆಟ್ ಗಳಿಸಿದ ಇವರ ನಾಯಕತ್ವದಲ್ಲಿ ಕರ್ನಾಟಕ ತಂಡವು ಸತತ ಎರಡು ವರ್ಷ ರಣಜಿ ಟ್ರೋಫಿಯನ್ನು ಗೆದ್ದಿತು.

ಹಿನ್ನೆಲೆ

ವಿನಯ್ ಕುಮಾರ್ ಅವರ ತಂದೆ ಆಟೊರಿಕ್ಷಾ ಚಾಲಕರಾಗಿದ್ದರು. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಹರಪನಹಳ್ಳಿ ತಾಲ್ಲೂಕು ಅದಕ್ಕೆ ಸೇರಿತು. 2018ರವರೆಗೆ, ಎಂದರೆ ಇವರ ಆಟದ ಬಹುಕಾಲ, ಅದೇ ಜಿಲ್ಲೆಯಲ್ಲಿತ್ತು. ಹರಪನಹಳ್ಳಿ, ಕೊಟ್ಟೂರು ಭಾಗದ ಅನೇಕರಿಗೆ ಕಾಲೇಜು, ಆಸ್ಪತ್ರೆ, ವ್ಯಾಪಾರಗಳಿಗೆ ದಾವಣಗೆರೆಯೇ ಹತ್ತಿರದ ದೊಡ್ಡ ನಗರ. ಟೆನ್ನಿಸ್ ಚೆಂಡಿನ ಆಟವೇ ಹೆಚ್ಚು ಬಳಕೆಯಲ್ಲಿರುವ ಇಂತಹ ಸೀಮೆಯಿಂದ ರಾಜ್ಯ ತಂಡವನ್ನು ಸೇರುವುದು ಸುಲಭದ ಮಾತಲ್ಲ. ವಿನಯ್ 2004-05ರ ಋತುವಿನಲ್ಲಿ ಕರ್ನಾಟಕದ ಪರವಾಗಿ ಮೊದಲ ಬಾರಿಗೆ ಆಡಿದರು. ಅಭಿಮಾನಿಗಳು ಅವರನ್ನು 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು ಕರೆದರು. ಹೆಸರಿನಲ್ಲಿ ವೇಗವಿದ್ದರೂ ಅವರ ಬಲವಿದ್ದುದು ವೇಗದಲ್ಲಲ್ಲ. ಹೊಸ ಚೆಂಡನ್ನು ಎರಡೂ ಕಡೆಗೆ ತಿರುಗಿಸುವುದು, ನೆಲಕ್ಕೆ ಬಿದ್ದ ಮೇಲೆ ಅದನ್ನು ಕೊಂಚ ಸರಿಸುವುದು, ದಿನವಿಡೀ ಒಂದೇ ಜಾಗದಲ್ಲಿ ಚೆಂಡು ಹಾಕುವ ತಾಳ್ಮೆ, ಇವೇ ಅವರ ಬಂಡವಾಳ.

ಅಂತರರಾಷ್ಟ್ರೀಯ ಪಂದ್ಯಗಳು

2010ರ ಮೇ ತಿಂಗಳಲ್ಲಿ ವಿಶ್ವ ಟಿ20 ಪಂದ್ಯಾವಳಿಯಲ್ಲಿ ಶ್ರೀಲಂಕಾ ವಿರುದ್ಧ ಭಾರತ ತಂಡದಲ್ಲಿ ಕಾಣಿಸಿಕೊಂಡ ವಿನಯ್, ಅದೇ ತಿಂಗಳು ಜಿಂಬಾಬ್ವೆಯಲ್ಲಿ ಏಕದಿನ ಪಂದ್ಯವನ್ನೂ ಆಡಿದರು. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ 30 ರನ್ನಿಗೆ 4 ವಿಕೆಟ್ ಪಡೆದುದು ಏಕದಿನ ಪಂದ್ಯಗಳಲ್ಲಿ ಅವರ ಶ್ರೇಷ್ಠ ಸಾಧನೆ.

ಏಕೈಕ ಟೆಸ್ಟ್ ಪಂದ್ಯ 2012ರ ಜನವರಿ 13ರಂದು ಪರ್ತ್‌ನಲ್ಲಿ ಆರಂಭವಾಯಿತು. ಭಾರತ ನಾಲ್ವರು ವೇಗಿಗಳೊಂದಿಗೆ ಕಣಕ್ಕಿಳಿದಿತ್ತು. ಡೇವಿಡ್ ವಾರ್ನರ್ 180 ರನ್ ಬಾರಿಸಿದ ಆ ಪಂದ್ಯದಲ್ಲಿ ಭಾರತ ಮೂರನೆಯ ದಿನವೇ ಸೋತಿತು. ವಿನಯ್‌ಗೆ ದೊರೆತದ್ದು ಒಂದೇ ವಿಕೆಟ್. ಮತ್ತೊಂದು ಟೆಸ್ಟ್ ಆಡುವ ಅವಕಾಶ ಅವರಿಗೆ ಬರಲಿಲ್ಲ. 2013ರ ನವೆಂಬರ್ 2ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾ ವಿರುದ್ಧ 9 ಓವರುಗಳಲ್ಲಿ 102 ರನ್ ಕೊಟ್ಟರು. ರೋಹಿತ್ ಶರ್ಮ ಅವರ 209 ರನ್ನಿನಿಂದ ಭಾರತ ಗೆದ್ದ ಆ ಪಂದ್ಯವೇ ವಿನಯ್ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಅವರ ಹೆಸರು ಹೇಳಿದೊಡನೆ ಇಂದಿಗೂ ಹಲವರು ನೆನೆಯುವುದು ಈ 102 ರನ್ನುಗಳನ್ನೇ. ಇದು ನ್ಯಾಯವಾದ ಅಳತೆಯಲ್ಲ.

ನಾಯಕತ್ವ ಮತ್ತು ರಣಜಿ ಟ್ರೋಫಿ

ಆ ಪಂದ್ಯ ಕಳೆದು ಮೂರು ತಿಂಗಳಾಗುವಷ್ಟರಲ್ಲಿ ವಿನಯ್ ನಾಯಕತ್ವದ ಕರ್ನಾಟಕವು ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಸೋಲಿಸಿ ರಣಜಿ ಟ್ರೋಫಿಯನ್ನು ಗೆದ್ದಿತು. 1998-99ರ ನಂತರ ರಾಜ್ಯಕ್ಕೆ ಈ ಗೌರವ ಬಂದಿರಲಿಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ಅಂತಿಮ ಪಂದ್ಯದಲ್ಲಿ ಮುಂಬಯಿಗೆ ಕೇವಲ 6 ರನ್ನಿನಿಂದ ಸೋತ ನೋವೂ ತಂಡದ ಬೆನ್ನಿಗಿತ್ತು. ಅದೇ ಋತುವಿನಲ್ಲಿ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳೂ ಕರ್ನಾಟಕದ ಪಾಲಾದವು. ಮರುವರ್ಷ ಈ ಮೂರನ್ನೂ ತಂಡ ಪುನಃ ಗೆದ್ದಿತು.

2014-15ರ ಋತು ವಿನಯ್ ಅವರ ಆಟದ ಶಿಖರ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ಮೊದಲ ದಿನ 202 ರನ್ನಿಗೇ ಕುಸಿದಿತ್ತು. ಉತ್ತರವಾಗಿ ಬ್ಯಾಟ್ ಹಿಡಿದ ಮುಂಬಯಿ 44 ರನ್ನಿಗೆ ಆಲೌಟಾಯಿತು. ವಿನಯ್ 20 ರನ್ನಿಗೆ 6 ವಿಕೆಟ್ ಕಬಳಿಸಿದ್ದರು. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ತಮಿಳುನಾಡು 134 ರನ್ನಿಗೆ ಮುಗಿದಾಗ 34 ರನ್ನಿಗೆ 5 ವಿಕೆಟ್ ಪಡೆದವರೂ ಅವರೇ. ಬಳಿಕ 84 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿದ ಕರ್ನಾಟಕವನ್ನು ಕರುಣ್ ನಾಯರ್ (328) ಮತ್ತು ಕೆ.ಎಲ್. ರಾಹುಲ್ (188) ಎತ್ತಿ ನಿಲ್ಲಿಸಿದರು. ನಾಯಕ ಸ್ವತಃ ಅಜೇಯ 105 ರನ್ ಸೇರಿಸಿದರು. ಕರ್ನಾಟಕ ಇನ್ನಿಂಗ್ಸ್ ಮತ್ತು 217 ರನ್ನುಗಳಿಂದ ಗೆದ್ದಿತು. ಅಂತಿಮ ಪಂದ್ಯವೊಂದರಲ್ಲಿ ನಾಯಕನೇ ಐದು ವಿಕೆಟ್ ಪಡೆದು ಶತಕವನ್ನೂ ಬಾರಿಸುವುದು ಅತ್ಯಪರೂಪ.

2017ರ ಡಿಸೆಂಬರಿನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ಮುಂಬಯಿ ವಿರುದ್ಧವೇ ಹ್ಯಾಟ್ರಿಕ್ ಸಾಧಿಸಿದರು. ಮೊದಲ ಓವರಿನ ಕೊನೆಯ ಎಸೆತಕ್ಕೆ ಪೃಥ್ವಿ ಶಾ ಔಟಾದರೆ, ತಮ್ಮ ಮುಂದಿನ ಓವರಿನ ಮೊದಲೆರಡು ಎಸೆತಗಳಿಗೆ ಇನ್ನಿಬ್ಬರು ಹೋದರು. ಮುಂದಿನ ಸೆಮಿಫೈನಲ್‌ನಲ್ಲಿ ಕರ್ನಾಟಕ ವಿದರ್ಭಕ್ಕೆ 5 ರನ್ನಿನಿಂದ ಸೋತಿತು.

ರಣಜಿಯಲ್ಲಿ ವಿನಯ್ ಅವರ ಒಟ್ಟು ವಿಕೆಟ್‌ಗಳು 442. ಅವರು ನಿವೃತ್ತರಾದಾಗ ವೇಗದ ಬೌಲರ್‌ಗಳ ಪೈಕಿ ಇದೇ ಅತ್ಯಧಿಕವಾಗಿತ್ತು. ಸ್ಪಿನ್ನರುಗಳಿಗೇ ಹೆಚ್ಚು ಒಲಿಯುವ ಭಾರತದ ನೆಲದಲ್ಲಿ ಈ ಸಂಖ್ಯೆಯ ತೂಕ ದೊಡ್ಡದು. ಕನ್ನಡಿಗರಲ್ಲಿ ಅವರಿಗಿಂತ ಮುಂದಿದ್ದವರು ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಒಬ್ಬರೇ.

ಐಪಿಎಲ್ ಮತ್ತು ನಿವೃತ್ತಿ

ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು, ಕೊಚ್ಚಿ ಟಸ್ಕರ್ಸ್, ಕೋಲ್ಕತ್ತ ನೈಟ್ ರೈಡರ್ಸ್ ಮತ್ತು ಮುಂಬಯಿ ಇಂಡಿಯನ್ಸ್ ತಂಡಗಳ ಪರ 105 ಪಂದ್ಯಗಳಲ್ಲಿ 105 ವಿಕೆಟ್ ಪಡೆದರು. 2019ರಲ್ಲಿ ಕರ್ನಾಟಕವನ್ನು ಬಿಟ್ಟು, ರಣಜಿಗೆ ಆಗಷ್ಟೇ ಪ್ರವೇಶಿಸಿದ್ದ ಪುದುಚೇರಿ ತಂಡವನ್ನು ಸೇರಿದರು. 2021ರ ಫೆಬ್ರವರಿ 26ರಂದು ಎಲ್ಲ ಬಗೆಯ ಕ್ರಿಕೆಟ್‌ನಿಂದ ನಿವೃತ್ತರಾದರು. ಅನಂತರ ಮುಂಬಯಿ ಇಂಡಿಯನ್ಸ್ ತಂಡಕ್ಕಾಗಿ ಯುವ ಪ್ರತಿಭೆಗಳನ್ನು ಗುರುತಿಸುವ ಕೆಲಸದಲ್ಲಿ ತೊಡಗಿದರು.