ಟೀ ಕುಡಿದರೆ ತೂಕ ಇಳಿಯುತ್ತಾ? 'ಡಿಟಾಕ್ಸ್ ಟೀ' ನಂಬುವ ಮುನ್ನ ಇದನ್ನು ಓದಿ

ಕಳಕ್ಕೂಟಂ: ತಿರುವನಂತಪುರದ ಕಳಕ್ಕೂಟಂನಲ್ಲಿ ಸಂಜೆಯಾದರೆ ಟೆಕ್ನೋಪಾರ್ಕ್ ಸುತ್ತಲಿನ ಚಹಾ ಅಂಗಡಿಗಳಿಗೆ ಬಿಡುವಿಲ್ಲ. 1990ರಲ್ಲಿ ಶುರುವಾದ ಈ ಐಟಿ ಪಾರ್ಕ್‌ನಲ್ಲಿ ದಿನವಿಡೀ ಕುರ್ಚಿಯಲ್ಲೇ ಕೂತು ಕೆಲಸ ಮಾಡುವವರೇ ಹೆಚ್ಚು. ಹೊಟ್ಟೆ ಸ್ವಲ್ಪ ಮುಂದೆ ಬಂದರೆ ಸಾಕು, 'ಗ್ರೀನ್ ಟೀ ಕುಡಿ, ಬಾಡಿ ಕ್ಲೀನ್ ಆಗುತ್ತೆ' ಎಂಬ ಸಲಹೆ ಪಕ್ಕದ ಸೀಟಿನಿಂದಲೇ ಬರುತ್ತದೆ. ಬೆಂಗಳೂರಿನ ಕಥೆಯೂ ಬೇರೆಯಲ್ಲ. ಹಾಗಾದರೆ ಚಹಾದಿಂದ ನಿಜಕ್ಕೂ ತೂಕ ಇಳಿಯುತ್ತಾ?

ಇಳಿಯುವುದು ಎಷ್ಟು?

ಗ್ರೀನ್ ಟೀಯಲ್ಲಿ ಕ್ಯಾಟೆಚಿನ್ ಮತ್ತು ಕೆಫೀನ್ ಇದೆ. ಇವು ದೇಹ ಖರ್ಚು ಮಾಡುವ ಶಕ್ತಿಯನ್ನು ತುಸು ಹೆಚ್ಚಿಸುವುದು ನಿಜ. ಆದರೆ ತಕ್ಕಡಿಯಲ್ಲಿ ಅದು ಕಾಣುವುದಿಲ್ಲ. 18 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2012ರ ಕಾಕ್ರೇನ್ ವರದಿ ಪ್ರಕಾರ, ಜಪಾನ್ ಹೊರಗೆ ನಡೆದ ಪ್ರಯೋಗಗಳಲ್ಲಿ ಗ್ರೀನ್ ಟೀಯಿಂದ ಇಳಿದ ತೂಕ ಸರಾಸರಿ 40 ಗ್ರಾಂ. ಒಂದು ಲೋಟ ನೀರು ಕುಡಿದರೆ ಅದಕ್ಕಿಂತ ಹೆಚ್ಚು ತೂಕ ಬರುತ್ತದೆ!

ಲೆಕ್ಕ ಸಕ್ಕರೆಯದ್ದು

ಹಾಲು, ಸಕ್ಕರೆ ಇಲ್ಲದ ಚಹಾದಲ್ಲಿ ಕ್ಯಾಲೊರಿ ಇಲ್ಲವೆಂದೇ ಹೇಳಬಹುದು. ಕೇರಳದ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಈ ವಿಷಯದಲ್ಲಿ ದುಬಾರಿ ಗ್ರೀನ್ ಟೀಗೆ ಏನೂ ಕಡಿಮೆಯಿಲ್ಲ, ಸಕ್ಕರೆ ಬೇಡ ಎಂದು ಹೇಳಿದರೆ ಮಾತ್ರ. ಎರಡು ಚಮಚ ಸಕ್ಕರೆ ಎಂದರೆ 8ರಿಂದ 10 ಗ್ರಾಂ. ದಿನಕ್ಕೆ ನಾಲ್ಕು ಲೋಟ ಕುಡಿದರೆ 32ರಿಂದ 40 ಗ್ರಾಂ. ಇಡೀ ದಿನಕ್ಕೆ 20ರಿಂದ 25 ಗ್ರಾಂ ಮೀರಬಾರದು ಎನ್ನುತ್ತದೆ ಐಸಿಎಂಆರ್. ಜೊತೆಗೆ ಎಣ್ಣೆಯಲ್ಲಿ ಕರಿದ ಪಳಂಪೊರಿ, ಪರಿಪ್ಪುವಡ ಬೇರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಲ್ಲಿ ಕೇರಳದ ಮಧುಮೇಹ ಪ್ರಮಾಣ ಶೇ. 25.5 ಎಂದು ಕಂಡುಬಂದಿದ್ದನ್ನು ಇಲ್ಲಿ ಮರೆಯುವಂತಿಲ್ಲ.

ಹಾಲು ಚಹಾ ಬಿಟ್ಟು ಗ್ರೀನ್ ಟೀಗೆ ಬದಲಾದವರು ತೆಳ್ಳಗಾಗಿದ್ದರೆ ಶ್ರೇಯಸ್ಸು ಎಲೆಗಲ್ಲ, ಕೈಬಿಟ್ಟ ಸಕ್ಕರೆಗೆ ಸಲ್ಲಬೇಕು.

'ಕ್ಲೀನ್' ಮಾಡುವುದು ಯಾರು?

ರಕ್ತದಲ್ಲಿರುವ ಬೇಡದ ವಸ್ತುಗಳನ್ನು ತೆಗೆಯುವ ಕೆಲಸ ಲಿವರ್ ಮತ್ತು ಕಿಡ್ನಿಯದ್ದು. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಇದಕ್ಕೆ ಟೀ ಬ್ಯಾಗ್‌ನ ಸಹಾಯ ಬೇಕಿಲ್ಲ. ಡಿಟಾಕ್ಸ್ ಹೆಸರಿನ ಹಲವು ಪ್ಯಾಕೆಟ್‌ಗಳಲ್ಲಿ ಸೆನ್ನಾ, ಅಂದರೆ ನಮ್ಮ ಸೋನಾಮುಖಿ ಇರುತ್ತದೆ. ಅದು ಭೇದಿಯ ಔಷಧಿ. ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಕ್ಯಾಲೊರಿ ಅದಕ್ಕೂ ಮೊದಲೇ ಸಣ್ಣ ಕರುಳಿನಲ್ಲಿ ದೇಹ ಸೇರಿರುತ್ತದೆ. ಹೋಗುವುದು ನೀರು ಮತ್ತು ಪೊಟ್ಯಾಸಿಯಂ. ಬೆಳಗ್ಗೆ ಹಗುರ ಅನಿಸಿದರೂ ಸಂಜೆಗೆ ತೂಕ ವಾಪಸ್.

ಅಮೆರಿಕದಲ್ಲಿ ಟೀಮಿ ಎಂಬ ಕಂಪನಿ ಇಂಥ ಚಹಾವನ್ನು ಇನ್‌ಸ್ಟಾಗ್ರಾಂ ತಾರೆಯರ ಮೂಲಕ ಮಾರಿತ್ತು. ಆಧಾರವಿಲ್ಲದ ಜಾಹೀರಾತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ 10 ಲಕ್ಷ ಡಾಲರ್ ಕಟ್ಟಿಸಿತು.

ಮಾತ್ರೆ, ಪೌಡರ್ ಬಗ್ಗೆ ಹುಷಾರು

ಲೋಟದ ಚಹಾ ಬೇರೆ, ಅದರ ಸಾರ ತುಂಬಿದ ಕ್ಯಾಪ್ಸೂಲ್ ಬೇರೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಕ್ಯಾಟೆಚಿನ್) ಇರುವ ಸಪ್ಲಿಮೆಂಟ್ ಲಿವರ್‌ಗೆ ಹಾನಿ ಮಾಡಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಕೊಚ್ಚಿಯ ಲಿವರ್ ತಜ್ಞ ಡಾ. ಸಿರಿಯಕ್ ಆಬಿ ಫಿಲಿಪ್ಸ್ ತಂಡ 36 ಪ್ರೋಟೀನ್ ಪೌಡರ್‌ಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯಲ್ಲೂ ಗ್ರೀನ್ ಟೀ ಸಾರದ ಪ್ರಸ್ತಾಪವಿದೆ, ಗಾರ್ಸಿನಿಯಾದ್ದೂ ಇದೆ. ಗಾರ್ಸಿನಿಯಾ ಎಂದರೆ ಕೇರಳದ ಮೀನು ಸಾರಿಗೆ ಬೀಳುವ ಕುಡಂಪುಳಿ, ನಮ್ಮ ಮಲೆನಾಡಿನ ಉಪ್ಪಾಗೆ. ಅಡುಗೆಯ ಹುಳಿಯಾಗಿ ಬಳಸುವುದಕ್ಕೂ ಸಾರ ತೆಗೆದು ನುಂಗುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಕುಡಿಯುವುದು ಹೇಗೆ?

ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಟೀ, ಕಾಫಿ ಬೇಡ ಎನ್ನುತ್ತದೆ ಐಸಿಎಂಆರ್‌ನ 2024ರ ಮಾರ್ಗಸೂಚಿ. ಟೀಯಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹ ಹೀರದಂತೆ ತಡೆಯುತ್ತದೆ. ರಕ್ತಹೀನತೆ ಇರುವ ಮಹಿಳೆಯರು ಡಯಟ್ ಎಂದು ಊಟದ ಬೆನ್ನಲ್ಲೇ ಗ್ರೀನ್ ಟೀ ಕುಡಿಯುವುದು ಒಳ್ಳೆಯದಲ್ಲ. ದಿನದ ಕೆಫೀನ್ ಮಿತಿ 300 ಮಿಲಿಗ್ರಾಂ, ಒಂದು ಕಪ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ತೂಕ ಇಳಿಸುವ ಪೌಡರ್ ಅಥವಾ ಮಾತ್ರೆ ಶುರು ಮಾಡಿದ ಮೇಲೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಕೂಡಲೇ ನಿಲ್ಲಿಸಿ, ಪ್ಯಾಕೆಟ್ ಸಮೇತ ವೈದ್ಯರ ಬಳಿ ಹೋಗಿ.