ಉಪಾಧ್ಯಾಯರನ್ನು ಒರೆಗೆ ಹಚ್ಚುವ ಬಗೆ



ಬೆಂಗಳೂರಿನಿಂದ ನೆಲಮಂಗಲ ದಾಟಿ ಕುಣಿಗಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ಮಾಗಡಿ ಸೀಮೆಯ ಸೋಲೂರು ಸಿಗುತ್ತದೆ. ಇದು ಹೋಬಳಿಯ ಊರು. ‘ಹೋಬಳಿ’ ಎಂಬ ಪದವನ್ನು ನಾವಿಂದು ಕಾಣುವುದು ಹೆಚ್ಚಾಗಿ ಕಂದಾಯದ ಕಾಗದಗಳಲ್ಲಿ. ಒಂದು ಕಾಲಕ್ಕೆ ಅದು ಶಾಲೆಯ ಹೆಸರೂ ಆಗಿತ್ತು. 1868ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಬಿ.ಎಲ್. ರೈಸ್ ಅವರು ಪ್ರತಿ ಹೋಬಳಿಗೂ ಒಂದು ಶಾಲೆ ಎಂಬ ಯೋಜನೆಯನ್ನು ಮುಂದಿಟ್ಟರು.

ಶಾಲೆಯೇನೋ ಬಂತು, ಕಲಿಸುವವರು ಯಾರು? ಅದುವರೆಗೆ ಹಳ್ಳಿಗಳಲ್ಲಿದ್ದುದು ಕೂಲಿಮಠ. ಅಲ್ಲಿ ಉಪಾಧ್ಯಾಯರ ಪರೀಕ್ಷಕರು ಊರಿನವರೇ. ಮಗ ಕಾಗುಣಿತ, ಮಗ್ಗಿ ಒಪ್ಪಿಸಿದರೆ ತಂದೆಗೆ ಸಮಾಧಾನ. ಇಲ್ಲವಾದರೆ ಮಠಕ್ಕೆ ಮಗನೂ ಇಲ್ಲ, ಅಯ್ಯನವರಿಗೆ ಕೂಲಿಯೂ ಇಲ್ಲ. ಸಂಬಳ ಕೊಡುವ ಹೊಣೆ ಸರ್ಕಾರದ್ದಾದಾಗ ಯೋಗ್ಯತೆ ಅಳೆಯುವ ಹೊಣೆಯೂ ಅದರ ಹೆಗಲೇರಿತು. ಶಿಕ್ಷಕರ ತರಬೇತಿ ಶಾಲೆಗಳು ಬೇಕೆಂದು 1854ರ ವುಡ್ ಅವರ ಸುತ್ತೋಲೆ ಮೊದಲೇ ಹೇಳಿತ್ತು. 1882ರಲ್ಲಿ ನೇಮಕಗೊಂಡ ಹಂಟರ್ ಆಯೋಗ ಇನ್ನೂ ಮುಂದೆ ಹೋಯಿತು: ಬೋಧನೆಯ ತತ್ವ ಮತ್ತು ಪ್ರಯೋಗ ಎರಡರಲ್ಲೂ ತೇರ್ಗಡೆಯಾದವರಿಗೆ ಮಾತ್ರ ಪ್ರೌಢಶಾಲೆಯಲ್ಲಿ ಖಾಯಂ ಹುದ್ದೆ ಎಂದು ಶಿಫಾರಸು ಮಾಡಿತು.

‘ಪ್ರಯೋಗ’ ಎಂಬ ಆ ಮಾತನ್ನು ಗಮನಿಸಿರಿ. ಯೇಸುಸಭೆಯ 1599ರ ಶಿಕ್ಷಣ ನಿಯಮಾವಳಿಯೂ ಇದನ್ನೇ ಬಯಸಿತ್ತು. ಮುಂದೆ ಪಾಠ ಹೇಳಲಿರುವವರು ಅನುಭವಿ ಗುರುವಿನ ಬಳಿ ವಾರಕ್ಕೆ ಮೂರು ದಿನ, ದಿನಕ್ಕೊಂದು ಗಂಟೆ, ಪಾಠ ಹೇಳುವುದನ್ನೂ ತಿದ್ದುವುದನ್ನೂ ಅಭ್ಯಾಸ ಮಾಡಬೇಕಿತ್ತು. ಬಲ್ಲವನೆಲ್ಲ ಕಲಿಸಬಲ್ಲವನಲ್ಲ ಎಂಬುದು ಹಿರಿಯರಿಗೆ ತಿಳಿದಿತ್ತು.

ನಮ್ಮ ಕಾಲಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಅನುಸರಿಸಿ 2010ರಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿ.ಇ.ಟಿ., ಕಡ್ಡಾಯವಾಯಿತು. 150 ಪ್ರಶ್ನೆ, 150 ಅಂಕ. ಸಾಮಾನ್ಯ ವರ್ಗದವರಿಗೆ ಶೇಕಡ 60 ಬೇಕು. ಶಿಶು ಮನೋವಿಕಾಸ, ಭಾಷೆ, ಗಣಿತ ಎಲ್ಲವೂ ಅದರಲ್ಲುಂಟು. ಆದರೆ ಉತ್ತರಗಳೆಲ್ಲ ಆಯ್ಕೆಯ ಗುರುತುಗಳು. ಅಳುವ ಮಗುವನ್ನು ಸಂತೈಸಿ ಅಕ್ಷರ ತಿದ್ದಿಸುವ ತಾಳ್ಮೆಗೆ ಆ ಹಾಳೆಯಲ್ಲಿ ಜಾಗವಿಲ್ಲ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರೂ ಎರಡು ವರ್ಷದೊಳಗೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ತೀರ್ಪಿತ್ತಿತು. ಅಲ್ಪಸಂಖ್ಯಾತರ ಶಾಲೆಗಳ ಪ್ರಶ್ನೆಯನ್ನು ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸಿತು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ಶಿಕ್ಷಕಿಯರಿದ್ದಾರೆ. ಇಪ್ಪತ್ತು ವರ್ಷ ಪಾಠ ಹೇಳಿದವರು ಮತ್ತೆ ಪುಸ್ತಕ ಹಿಡಿದಾಗ ಆಗುವ ಆತಂಕ ಸಣ್ಣದಲ್ಲ. ಆದರೂ ನಮ್ಮ ಶಾಲೆಗಳಿಗೆ ವಿನಾಯಿತಿ ಸಿಕ್ಕೀತೇ ಎಂದು ಕಾಯುವುದಷ್ಟೇ ನಮ್ಮ ಕೆಲಸವಾಗಬಾರದು. ವಿನಾಯಿತಿಯಿಂದ ಹುದ್ದೆ ಉಳಿದೀತು. ಅದರಿಂದಲೇ ಮಗುವಿಗೆ ಓದು ಬಾರದು.

ಹಾಗಾದರೆ ನಮ್ಮ ಪಾಲೇನು? ತರಗತಿಯಲ್ಲಿ ಪಾಠ ಮಾಡಿ ತೋರಿಸುವುದು ಅಥವಾ ಸಂದರ್ಶನ ನೇಮಕದ ಅಂಗವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ನಮ್ಮ ಶಾಲೆಗಳು ಇದಕ್ಕೆ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಶಿಫಾರಸು ಪತ್ರ ತಂದವರನ್ನು ಮೊದಲು ಮಕ್ಕಳ ಮುಂದೆ ನಿಲ್ಲಿಸೋಣ. ಪೋಷಕರಾದ ನೀವೂ ಶಾಲೆಯ ಕಟ್ಟಡವನ್ನು ನೋಡುವ ಮೊದಲು, ಪಾಠ ಹೇಳುವವರನ್ನು ಹೇಗೆ ಆರಿಸಿದಿರಿ ಎಂದು ಕೇಳಿರಿ.

ಕೂಲಿಮಠದ ಆ ತಂದೆಗೆ ಬೋಧನಾಶಾಸ್ತ್ರ ತಿಳಿದಿರಲಿಲ್ಲ. ಆದರೆ ಸಂಜೆ ಮಗನನ್ನು ಕೂರಿಸಿಕೊಂಡು ‘ಇವತ್ತು ಏನು ಕಲಿತೆ?’ ಎಂದು ಕೇಳಬಲ್ಲವನಾಗಿದ್ದ. ಆ ಪ್ರಶ್ನೆ ಇಂದಿಗೂ ಹಳತಾಗಿಲ್ಲ.