ಕನ್ನಡಕ್ಕೆ ವಾಕ್ಚಿತ್ರವನ್ನಿತ್ತ ವರ್ತಕ: ಶ್ರೀ ಚಮನ್‌ಲಾಲ್ ಡುಂಗಾಜಿ

ಬೆಂಗಳೂರಿನ ಹಳೆಯ ಪೇಟೆಗಳು ವರ್ತಕರಿಂದ ಬೆಳೆದವು. ಅರಳೆಪೇಟೆಯೆಂದು ಹಿರಿಯರು ಕರೆಯುತ್ತಿದ್ದ ಕಾಟನ್‌ಪೇಟೆ, ಅದರ ನೆರೆಯ ಚಿಕ್ಕಪೇಟೆ, ಬಳೇಪೇಟೆಗಳಿಗೆ ದೂರದ ಮಾರವಾಡ, ಗುಜರಾತುಗಳಿಂದ ಬಂದು ನೆಲೆಸಿದ ಕುಟುಂಬಗಳು ಅನೇಕ. ಅವರು ತಂದದ್ದು ಲೆಕ್ಕದ ವಹಿ ಮತ್ತು ದುಡಿಮೆಯ ಛಲ. ಆದರೆ ಗಳಿಸಿದ ಧನಕ್ಕೆ ಸದ್ವಿನಿಯೋಗವೇ ಭೂಷಣ. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಪೂರ್ವಾಚಾರ್ಯರು ವಿಧಿಸಿರುವುದು ಈ ಕಾರಣದಿಂದಲೇ. ಧನವನ್ನು ಕಲೆಗಾಗಿ ತೊಡಗಿಸಿ, ತನ್ನದಲ್ಲದ ಭಾಷೆಗೆ ಹೊಸದೊಂದು ಕಲಾಪ್ರಕಾರವನ್ನೇ ತೆರೆದುಕೊಟ್ಟ ವರ್ತಕರೊಬ್ಬರ ಚರಿತ್ರೆ ಇಲ್ಲಿ ಸ್ಮರಣೀಯವಾಗಿದೆ. ಅವರೇ ಮಾರವಾಡ ಮೂಲದ ಶ್ರೀ ಚಮನ್‌ಲಾಲ್ ಡುಂಗಾಜಿಯವರು.

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಅರ್ದೇಶಿರ್ ಇರಾನಿಯವರ 'ಆಲಂ ಆರಾ' ತೆರೆಕಂಡಾಗ ಭಾರತದಲ್ಲಿ ವಾಕ್ಚಿತ್ರಯುಗವು ಆರಂಭವಾಯಿತು. ಅದೇ ವರ್ಷ 'ಕಾಳಿದಾಸ್' ಚಿತ್ರದಲ್ಲಿ ತಮಿಳು, ತೆಲುಗು ನುಡಿಗಳೂ ಕೇಳಿಬಂದವು. ಕನ್ನಡ ಮಾತ್ರ ಇನ್ನೂ ಮೌನವಾಗಿತ್ತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕಾಲವದು. ಧ್ವನಿಮುದ್ರಣದ ಯಂತ್ರಗಳುಳ್ಳ ಸ್ಟುಡಿಯೋ ಬೆಂಗಳೂರಿನಲ್ಲಿರಲಿಲ್ಲ. ಇಂತಹ ಸಮಯದಲ್ಲಿ ಡುಂಗಾಜಿಯವರು ಸೌತ್ ಇಂಡಿಯಾ ಮೂವಿಟೋನ್ ಸಂಸ್ಥೆಯ ಮೂಲಕ ಕನ್ನಡ ಚಿತ್ರವೊಂದಕ್ಕೆ ಬಂಡವಾಳ ಹೂಡಿದರು. ವೆಚ್ಚ ಸುಮಾರು 40,000 ರೂಪಾಯಿಗಳಾಯಿತೆಂದು ಹೇಳಲಾಗಿದೆ. ಮಾರಾಟವಾಗದ ಅರಳೆಯ ಮೂಟೆಯನ್ನು ನಷ್ಟಕ್ಕಾದರೂ ವಿಲೇವಾರಿ ಮಾಡಬಹುದು. ಜನ ಮೆಚ್ಚದ ಚಿತ್ರಕ್ಕೆ ಆ ದಾರಿಯೂ ಇಲ್ಲ. ವ್ಯಾಪಾರದ ಮರ್ಮವನ್ನು ಬಲ್ಲವರಿಗೆ ಆ ಸಾಹಸದ ತೂಕ ತಾನಾಗಿಯೇ ತಿಳಿಯುತ್ತದೆ.

ಡುಂಗಾಜಿಯವರು ಕನ್ನಡ ರಂಗಭೂಮಿಯ ಸಮರ್ಥರನ್ನೇ ಆಶ್ರಯಿಸಿದುದು ಅವರ ವಿವೇಕಕ್ಕೆ ಸಾಕ್ಷಿ. ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು 'ಸತಿ ಸುಲೋಚನ'ಕ್ಕೆ ಸಂಭಾಷಣೆ, ಗೀತೆಗಳನ್ನು ರಚಿಸಿದರು. ಎಂ.ವಿ. ಸುಬ್ಬಯ್ಯನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. ನಿರ್ದೇಶಕ ವೈ.ವಿ. ರಾವ್ ಅವರೇ ಲಕ್ಷ್ಮಣನ ಪಾತ್ರವನ್ನೂ ವಹಿಸಿದರು. ಕಲಾವಿದರೆಲ್ಲರೂ ಕೊಲ್ಲಾಪುರಕ್ಕೆ ತೆರಳಿ ಛತ್ರಪತಿ ಸಿನಿಟೋನ್‌ನಲ್ಲಿ ಚಿತ್ರೀಕರಣದಲ್ಲಿ ತೊಡಗಿದರು. ಹಿನ್ನೆಲೆ ಗಾಯನದ ಪದ್ಧತಿ ಇನ್ನೂ ಬಂದಿರಲಿಲ್ಲವಾದುದರಿಂದ, ನಟನಟಿಯರು ಕ್ಯಾಮರಾದ ಮುಂದೆ ಅಭಿನಯಿಸುತ್ತಲೇ ಹಾಡಬೇಕಾಗಿತ್ತು.

1934ರ ಮಾರ್ಚ್ 3ರಂದು, ಸಿಟಿ ಮಾರುಕಟ್ಟೆಯ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಬೆಂಗಳೂರಿನ ಜನತೆ ತೆರೆಯ ಮೇಲೆ ಕನ್ನಡವನ್ನು ಮೊದಲ ಬಾರಿಗೆ ಆಲಿಸಿತು. ಚಿತ್ರವು ಆರು ವಾರಗಳ ಕಾಲ ನಡೆಯಿತು. ಅದೇ ವರ್ಷ 'ಭಕ್ತ ಧ್ರುವ'ವೂ ತೆರೆಕಂಡಿತು. ಸುಬ್ಬಯ್ಯನಾಯ್ಡು ಅವರ ಪುತ್ರ ಲೋಕೇಶ್ ನಟರಾಗಿ, ನಾಗೇಂದ್ರರಾಯರ ಪುತ್ರ ಆರ್.ಎನ್. ಜಯಗೋಪಾಲ್ ಗೀತರಚನಕಾರರಾಗಿ ಮುಂದೆ ಹೆಸರಾದರು. ಒಬ್ಬ ವರ್ತಕರು ನೆಟ್ಟ ಸಸಿ ಹೀಗೆ ತಲೆಮಾರುಗಳಿಗೆ ನೆರಳಾಯಿತು.

ಆದರೆ ವಿಷಾದದ ಸಂಗತಿಯೊಂದುಂಟು. 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೇಗನೆ ಬೆಂಕಿಗೆ ತುತ್ತಾಗುವಂತಹುದು. ಜೋಪಾನವಿಲ್ಲದಿದ್ದರೆ ತಾನಾಗಿಯೇ ಕರಗಿ ಪುಡಿಯಾಗುವಂತಹುದು. ಹೀಗಾಗಿ ಕನ್ನಡದ ಪ್ರಥಮ ವಾಕ್ಚಿತ್ರವನ್ನು ಇಂದು ಓದಿ ತಿಳಿಯಬಹುದೇ ಹೊರತು ನೋಡಲಾಗದು. ನಟರ ಹೆಸರುಗಳು ಜನರ ನಾಲಗೆಯ ಮೇಲಿವೆ. ಹಣ ಹೂಡಿದವರ ಹೆಸರನ್ನು ಬಲ್ಲವರು ವಿರಳ.

ಇಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುವುದು ಸಹಜ. ಸಹಸ್ರ ವರ್ಷಗಳ ಹಿಂದೆ ಆ ಮಹಾತಾಯಿ ಪೊನ್ನನ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯೂ ನಶ್ವರವೇ, ಹುಳುವಿಗೆ, ನೀರಿಗೆ, ಬೆಂಕಿಗೆ ಅದೂ ಆಹಾರವೇ. ಆದರೂ ಆ ಕಾವ್ಯ ಇಂದಿಗೂ ಕನ್ನಡಿಗರ ಕೈಯಲ್ಲಿದೆ. ಕೃತಿಯನ್ನು ಸೃಷ್ಟಿಸಲು ನೆರವಾಗುವುದು ಒಂದು ಪುಣ್ಯವಾದರೆ, ಅದನ್ನು ಕಾಪಾಡಿ ಮುಂದಿನವರಿಗೆ ಒಪ್ಪಿಸುವುದು ಅದಕ್ಕೆ ಸಮನಾದ ಇನ್ನೊಂದು ಪುಣ್ಯ. ಮೊದಲನೆಯದನ್ನು ಡುಂಗಾಜಿಯವರು ನೆರವೇರಿಸಿದರು. ಎರಡನೆಯದು ಸಮಾಜದ ಹೊಣೆಯಾಗಿತ್ತು.

ಬಸದಿಯ ಪ್ರತಿಷ್ಠೆಗೆ ಕೈನೀಡಿದ ಶ್ರಾವಕ ಬಾಂಧವರು ಈ ಮಾತನ್ನು ಮನನ ಮಾಡಬೇಕು. ಮನೆಗಳ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಗಳಲ್ಲಿ ಓಲೆಗರಿಗಳು, ವಹಿಗಳು, ಭಾವಚಿತ್ರಗಳು ಇನ್ನೂ ಇರಬಹುದು. ಅವು ಪುಡಿಯಾಗುವ ಮುನ್ನ ಪ್ರತಿಯಾಗಲಿ. ಪೂರ್ವಿಕರ ದಾನವು ಹೆಸರಿನಲ್ಲಿ ಮಾತ್ರವಲ್ಲದೆ ಕಣ್ಣಿಗೆ ಕಾಣುವಂತೆಯೂ ಉಳಿಯಲಿ. ಸರ್ವರಿಗೂ ಮಂಗಳವಾಗಲಿ.